ಬೀರು ಸರಿಸಿ, ಬಿಲ್ಲು ಅಂಟಿಸಿ

ಹಾರವಾಯಿತು, ಪೇಟವಾಯಿತು, ನನ್ನ ಬಗ್ಗೆ ಇಲ್ಲದ್ದನ್ನೂ ಸೇರಿಸಿ ಹೇಳಿದ್ದಾಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅದರ ಅಂಗವಾಗಿ ಈ ಪ್ರದರ್ಶನ. ಇಂಧನ ದಕ್ಷತೆಯ ಬಗ್ಗೆ ಸಮಗ್ರವಾಗಿ ಮಾತಾಡಿ ಎಂದು ಸಂಘಟಕರು ಪತ್ರದಲ್ಲಿ ಬರೆದಿದ್ದರು. ಅದು ನನ್ನ ಕೈಲಾಗದು. ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗದಲ್ಲಿ ಸರ್ಕಾರಿ ಕಟ್ಟಡಗಳ ಫ್ಯಾನು, ದೀಪ, ವೈರಿಂಗು ನೋಡಿಕೊಂಡು ನಿವೃತ್ತನಾದವನು ನಾನು. ಕಾರ್ಖಾನೆಯ ಬಾಯ್ಲರು, ಎಲೆಕ್ಟ್ರಿಕ್ ಬಸ್ಸು, ಹೈಡ್ರೋಜನ್ನು, ಇವೆಲ್ಲ ಮಳಿಗೆಗಳಲ್ಲಿವೆ. ಬಲ್ಲವರು ಅಲ್ಲೇ ನಿಂತಿದ್ದಾರೆ, ಕೇಳಿಕೊಳ್ಳಿ. ನಾನು ಕಚೇರಿಯ ಮಾತನ್ನಷ್ಟೇ ಆಡುತ್ತೇನೆ.

ಬೆಂಗಳೂರಿನ ಅಠಾರ ಕಚೇರಿ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ, 1868ರಲ್ಲಿ ಮುಗಿದದ್ದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದರೆ ಸುಮಾರು ಮೂವತ್ತೇಳು ವರ್ಷ ಮೈಸೂರು ಸಂಸ್ಥಾನದ ಇಲಾಖೆಗಳು ಆ ಕಟ್ಟಡದಲ್ಲಿ ಒಂದೇ ಒಂದು ಬಲ್ಬು, ಒಂದೇ ಒಂದು ಕರೆಂಟಿನ ಫ್ಯಾನು ಇಲ್ಲದೆ ಸರ್ಕಾರ ನಡೆಸಿದವು. ದಪ್ಪ ಗೋಡೆ, ಎತ್ತರದ ಚಾವಣಿ, ಉದ್ದನೆಯ ಜಗಲಿ, ಆಳುದ್ದದ ಕಿಟಕಿ. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಕಚೇರಿಗಳಲ್ಲಿ ಸಾಹೇಬರಿಗೆ ಗಾಳಿ ಬೀಸಲು ಹಗ್ಗ ಹಿಡಿದು ಪಂಕಾ ಎಳೆಯುವ ಆಳೊಬ್ಬ ಇರುತ್ತಿದ್ದ. ಅವನ ಬೆವರು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಆದರೂ ಹಗಲು ಹೊತ್ತಿನಲ್ಲಿ ಕಡತ ಓದಲು ಸೂರ್ಯ ಸಾಕು ಎಂಬ ನಂಬಿಕೆಯ ಮೇಲೆ ಕಟ್ಟಿದ ಕಟ್ಟಡಗಳು ಅವು. ಇಂದು ಅಂಥದೇ ಹಳೆಯ ಕಚೇರಿಗಳಿಗೆ ಹೋಗಿ ನೋಡಿ. ಬೆಳಗಿನ ಹನ್ನೊಂದಕ್ಕೆ ಒಳಗೆ ಸಾಲು ಸಾಲು ಟ್ಯೂಬ್‌ಲೈಟು ಉರಿಯುತ್ತಿರುತ್ತವೆ. ಏಕೆ?

ಒಂದು ಹಳೆಯ ತಾಲ್ಲೂಕು ಕಚೇರಿ. ಊರಿನ ಹೆಸರು ಬೇಡ. ದೀಪ ಸಾಲುತ್ತಿಲ್ಲ, ಇನ್ನೂ ಹನ್ನೆರಡು ಟ್ಯೂಬ್‌ಲೈಟು ಮಂಜೂರು ಮಾಡಿ ಎಂದು ಪತ್ರ ಬಂತು. ನೋಡೋಣ ಎಂದು ಹೋದೆ. ಕಿಟಕಿಗಳಿಗೆ ಬೆನ್ನು ಕೊಟ್ಟು ಸ್ಟೀಲಿನ ಬೀರುಗಳು ಸಾಲಾಗಿ ನಿಂತಿವೆ. ಬೀರುಗಳ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟು, ಚಾವಣಿಯವರೆಗೆ. ಹೊರಗೆ ಬಿಸಿಲು ಹೊಡೆಯುತ್ತಿದೆ, ಒಳಗೆ ಸಂಜೆಯಾಗಿದೆ. ಕಿಟಕಿಗೆ ಏಕೆ ಒರಗಿಸಿದ್ದೀರಿ ಎಂದು ಕೇಳಿದರೆ ರೆಕಾರ್ಡ್ ಕೀಪರ್ ಹೇಳಿದರು: ‘ಸಾರ್, ಗೋಡೆಗೆ ಒರಗಿಸಿದ್ರೆ ತೇವ ಹಿಡಿದು ಕಡತ ಹಾಳಾಗುತ್ತೆ. ಕಿಟಕಿ ಇರೋ ಕಡೆ ಒಣಗಿರುತ್ತೆ.’ ಮಾತು ಸರಿಯಾಗಿಯೇ ಇತ್ತು. ಗೋಡೆಗೆ ತೇವ ಎಲ್ಲಿಂದ ಎಂದು ಮಾಳಿಗೆ ಹತ್ತಿದೆವು. ಮಳೆನೀರು ಇಳಿಯುವ ಕೊಳವೆಯ ಬಾಯಲ್ಲಿ ತೊಡೆಯೆತ್ತರದ ಅರಳಿ ಗಿಡ! ನೀರು ಇಳಿಯಲು ದಾರಿಯಿಲ್ಲದೆ ಮಾಳಿಗೆಯಲ್ಲೇ ನಿಂತು ಗೋಡೆಗೆ ಇಂಗುತ್ತಿದೆ. ಗಿಡ ಕಿತ್ತುಹಾಕಿ ಎಂದರೆ ಯಾರೂ ಮುಂದೆ ಬರಲಿಲ್ಲ. ಅರಳಿಯನ್ನು ಕೀಳುವುದುಂಟೇ? ಕೊನೆಗೆ ಡಿ ಗ್ರೂಪ್ ನೌಕರರೊಬ್ಬರು ಬೇರು ಸಮೇತ ಬಿಡಿಸಿ, ಕೈಮುಗಿದು, ಹನುಮಂತನ ಗುಡಿಯ ಹಿಂದೆ ನೆಟ್ಟು ಬಂದರು. ಬೇಸಿಗೆ ಕಳೆಯುವಷ್ಟರಲ್ಲಿ ಗೋಡೆ ಒಣಗಿತು, ಬೀರುಗಳು ಗೋಡೆಗೆ ಸರಿದವು, ಕಿಟಕಿ ತೆರೆದವು. ಹನ್ನೆರಡು ಹೊಸ ಟ್ಯೂಬ್‌ಲೈಟಿನ ಮಾತು ಅಲ್ಲಿಗೆ ಮುಗಿಯಿತು. ಹಗಲಲ್ಲಿ ಇದ್ದವನ್ನೂ ಆರಿಸಿದರು.

ಇಲ್ಲಿ ಕೂತಿರುವ ಪಾಲಿಟೆಕ್ನಿಕ್ ಮಕ್ಕಳು ಇದನ್ನು ಗಮನಿಸಬೇಕು. ಎಲೆಕ್ಟ್ರಿಕಲ್‌ನವನ ಸಮಸ್ಯೆಗೆ ಮದ್ದು ಸಿವಿಲ್‌ನವನ ಮಾಳಿಗೆಯಲ್ಲಿತ್ತು. ಇಂಧನ ಲೆಕ್ಕಪರಿಶೋಧನೆ ಮಾಡಲು ಬರುವವರು ಮೀಟರು ಹಿಡಿದು ಪ್ಯಾನಲ್ ಬೋರ್ಡಿನ ಮುಂದೆ ನಿಲ್ಲುತ್ತಾರೆ. ನಿಲ್ಲಲಿ. ಆದರೆ ಮೊದಲು ಮಾಳಿಗೆ ಹತ್ತಲಿ.

ಹೊಸ ಕಟ್ಟಡಗಳ ಕಥೆಯೂ ಹೆಮ್ಮೆಪಡುವಂತಿಲ್ಲ. ಮಿನಿ ವಿಧಾನಸೌಧ ಎಂದು ಊರೂರಲ್ಲಿ ಎದ್ದವಲ್ಲ, ಅವುಗಳ ದೊಡ್ಡ ಹಾಲುಗಳಲ್ಲಿ ಒಂದು ಸ್ವಿಚ್ಚು ಒತ್ತಿದರೆ ಎಂಟು ದೀಪ ಹತ್ತುತ್ತವೆ. ಸಂಜೆ ಏಳರವರೆಗೆ ಒಬ್ಬ ಎಸ್‌ಡಿಎ ಕೂತು ಕೆಲಸ ಮಾಡಿದರೆ ಎಂಟೂ ಉರಿಯಬೇಕು. ಕಿಟಕಿಯ ಪಕ್ಕದ ದೀಪಸಾಲಿಗೆ ಒಂದು ಸ್ವಿಚ್ಚು, ಒಳಗಿನ ಸಾಲಿಗೆ ಇನ್ನೊಂದು ಎಂದು ಕಂಡ್ಯೂಟ್ ಹಾಕುವಾಗಲೇ ಯೋಚಿಸಿದ್ದರೆ ಹಗಲು ಅರ್ಧ ದೀಪ ಆರಿಸಬಹುದಿತ್ತು. ಆಗ ತಗಲುವ ಹೆಚ್ಚಿನ ಖರ್ಚು ನಾಲ್ಕಾರು ಸ್ವಿಚ್ಚು, ಸ್ವಲ್ಪ ವೈರು. ಗಾರೆ ಬಿದ್ದ ಮೇಲೆ ಗೋಡೆ ಒಡೆಯಬೇಕು. ಸರ್ಕಾರಿ ಕಟ್ಟಡದಲ್ಲಿ ಅದಕ್ಕಾಗಿ ಗೋಡೆ ಒಡೆದದ್ದನ್ನು ನಾನು ಕಂಡಿಲ್ಲ. ಹಾಗೆಯೇ ಹದಿನೈದು ಅಡಿ ಎತ್ತರದ ಚಾವಣಿಗೆ ದೀಪ ಅಂಟಿಸುವುದು. ಕಚೇರಿಯ ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕು ಬೇಕು. ದೀಪವನ್ನು ಒಂಬತ್ತು ಅಡಿಗೆ ಇಳಿಸಿ ತೂಗುಹಾಕಿದರೆ ಕಡಿಮೆ ದೀಪದಲ್ಲೇ ಅಷ್ಟು ಬೆಳಕು ಸಿಗುತ್ತದೆ. ಇನ್ನು ಫ್ಯಾನಿನ ಮೇಲೆ ದೀಪ ಇಟ್ಟು, ರೆಕ್ಕೆ ತಿರುಗಿದಂತೆ ಕಾಗದದ ಮೇಲೆ ನೆರಳು ಕುಣಿಯುವಂತೆ ಮಾಡುವ ನಮ್ಮ ಇಲಾಖೆಯ ಕಲೆಯ ಬಗ್ಗೆ ಇಲ್ಲಿ ಮಾತಾಡಿದರೆ ಹಳೆಯ ಸಹೋದ್ಯೋಗಿಗಳು ಊಟಕ್ಕೆ ಜೊತೆ ಕೂರಲಾರರು.

ಫ್ಯಾನಿನ ಲೆಕ್ಕ ಮಾತ್ರ ಹೇಳಿಯೇ ಹೇಳುತ್ತೇನೆ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರಿನದು ಸುಮಾರು 30. ನೂರು ಫ್ಯಾನಿನ ಕಚೇರಿ, ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಇನ್ನೂರು ದಿನ ಎಂದಿಟ್ಟುಕೊಳ್ಳಿ. ಉಳಿಯುವುದು 7,200 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ ಐವತ್ತು ಸಾವಿರ. ಫ್ಯಾನೊಂದಕ್ಕೆ ಒಂದೂವರೆ ಸಾವಿರ ಹೆಚ್ಚು ಕೊಟ್ಟರೂ ಮೂರು ವರ್ಷದಲ್ಲಿ ಹಣ ವಾಪಸ್ಸು. ಫ್ಯಾನು ಅದರ ಮೂರರಷ್ಟು ಕಾಲ ತಿರುಗುತ್ತದೆ. ಒಂದು ಎಚ್ಚರಿಕೆ: ರಿಮೋಟಿನ ಫ್ಯಾನು ಕಚೇರಿಗೆ ತರಬೇಡಿ. ರಿಮೋಟು ಮ್ಯಾನೇಜರ ಡ್ರಾಯರಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ, ಅವರು ರಜೆ ಹಾಕಿದ ದಿನ ಫ್ಯಾನು ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಗೋಡೆಯ ರೆಗ್ಯುಲೇಟರಿಗೆ ಹೊಂದುವ ಬಿಎಲ್‌ಡಿಸಿ ಫ್ಯಾನು ಸಿಗುತ್ತವೆ, ಅವನ್ನೇ ಕೇಳಿ.

ಆದರೆ ಕೇಳುವವರು ಯಾರು? ‘ಎಲ್-1, ಅಂದರೆ ಅತಿ ಕಡಿಮೆ ಬೆಲೆಯ ಟೆಂಡರು, ಬಿಟ್ಟು ಬೇರೆ ಕೊಂಡರೆ ಆಡಿಟ್ ಆಕ್ಷೇಪಣೆ ಬರುತ್ತದೆ’ ಎಂಬ ಮಾತನ್ನು ಸೇವೆಯುದ್ದಕ್ಕೂ ಕೇಳಿದ್ದೇನೆ. ಕರ್ನಾಟಕದ ಪಾರದರ್ಶಕತೆ ಕಾಯ್ದೆ, ಕೆಟಿಪಿಪಿ, 1999ರದು. ಅದು ಕಳಪೆಯದನ್ನು ಕೊಳ್ಳಿ ಎಂದು ಎಲ್ಲೂ ಹೇಳುವುದಿಲ್ಲ. ನೀವು ಕೇಳಿದ ಗುಣಮಟ್ಟಕ್ಕೆ ಹೊಂದುವುದರಲ್ಲಿ ಕಡಿಮೆ ಬೆಲೆಯದನ್ನು ಕೊಳ್ಳಿ ಎನ್ನುತ್ತದೆ. ಟೆಂಡರಿನಲ್ಲಿ ‘ಸೀಲಿಂಗ್ ಫ್ಯಾನು, 1200 ಮಿ.ಮೀ.’ ಎಂದಷ್ಟೇ ಬರೆದರೆ ಹೆಚ್ಚು ಕರೆಂಟು ಎಳೆಯುವ ಅಗ್ಗದ ಫ್ಯಾನೇ ಬರುತ್ತದೆ. ‘ಐದು ಸ್ಟಾರ್’ ಎಂದು ಸೇರಿಸುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ 2023ರ ಜನವರಿಯಿಂದ ಕಡ್ಡಾಯವೇ ಆಗಿದೆ. ಕಟ್ಟಡಗಳಿಗಾಗಿಯೇ ಇಸಿಬಿಸಿ ಎಂಬ ಇಂಧನ ಸಂರಕ್ಷಣಾ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕಾರವಾಯಿತು. ಅದನ್ನು ಬರೆದದ್ದು 100 ಕಿಲೋವಾಟಿನ ಹೊರೆ ಅಥವಾ 120 ಕೆವಿಎ ಬೇಡಿಕೆ ದಾಟುವ ಕಟ್ಟಡಗಳಿಗೆ. ನಮ್ಮ ಸಾಮಾನ್ಯ ತಾಲ್ಲೂಕು ಕಚೇರಿ, ಪಶು ಆಸ್ಪತ್ರೆ, ಸಬ್ ರಿಜಿಸ್ಟ್ರಾರ್ ಕಚೇರಿ ಆ ಗೆರೆಯ ಕೆಳಗೇ ನಿಲ್ಲುತ್ತವೆ. ಕಾನೂನು ಅವನ್ನು ಮುಟ್ಟುವುದಿಲ್ಲ, ಅಲ್ಲಿ ಕೂತವರೇ ಮುಟ್ಟಬೇಕು.

ಏಸಿ ಬಗ್ಗೆ ಎರಡೇ ಮಾತು. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಮಂಡಳಿ, ಬಿಇಇ, ಹೇಳಿದೆ. 2020ರಿಂದ ಮಾರಾಟವಾಗುವ ಏಸಿಗಳು 24ರಲ್ಲೇ ಶುರುವಾಗಬೇಕೆಂಬ ನಿಯಮವೂ ಇದೆ. ಅದನ್ನು 18ಕ್ಕೆ ಇಳಿಸಿ ಸ್ವೆಟರ್ ಹಾಕಿಕೊಂಡು ಕೂರುವ ಅಧಿಕಾರಿಗಳು ಇಲ್ಲಿ ಯಾರೂ ಇಲ್ಲ ಎಂದು ನಂಬುತ್ತೇನೆ.

ಸೌರಫಲಕದ ಮಳಿಗೆಗಳು ಬಹಳ ಇವೆ. ಅವರಿಗೆ ಬೇಸರವಾಗದಿರಲಿ, ಮಾಳಿಗೆಯ ಮೇಲೆ ಫಲಕ ಹಾಕಿ ಕೆಳಗೆ ಹಳೆಯ ಚೋಕಿನ ಟ್ಯೂಬ್‌ಲೈಟನ್ನೇ ಉರಿಸುವುದನ್ನು ನಾನು ಒಪ್ಪುವುದಿಲ್ಲ. 40 ವಾಟಿನ ಟ್ಯೂಬಿಗೆ ಚೋಕು ಸೇರಿದರೆ 50ರ ಮೇಲಾಗುತ್ತದೆ. 20 ವಾಟಿನ ಎಲ್‌ಇಡಿ ಅದರ ಕೆಲಸ ಮಾಡುತ್ತದೆ. ದೆಹಲಿಯಲ್ಲಿ 2014ರಲ್ಲಿ ಉದ್ಘಾಟನೆಯಾದ ಇಂದಿರಾ ಪರ್ಯಾವರಣ ಭವನ ಸರ್ಕಾರಿ ಕಟ್ಟಡವೇ, ಕಟ್ಟಿದ್ದು ಕೇಂದ್ರದ ಲೋಕೋಪಯೋಗಿ ಇಲಾಖೆ. ಅದರ ಮೇಲೆ 930 ಕಿಲೋವಾಟಿನ ಫಲಕಗಳಿವೆ ಎಂದು ಎಲ್ಲರೂ ಹೇಳುತ್ತಾರೆ. ನಡುವೆ ಅಂಗಳ ಬಿಟ್ಟು ಒಳಕ್ಕೆ ಹಗಲಿನ ಬೆಳಕು ತಂದಿದ್ದಾರೆ, ವಿದ್ಯುತ್ ಬೇಡಿಕೆಯನ್ನೇ ಮೊದಲು ಇಳಿಸಿದ್ದಾರೆ ಎಂಬುದನ್ನು ಹೇಳುವವರು ಕಡಿಮೆ.

ನನ್ನ ನಿಜವಾದ ತಕರಾರು ಇಲ್ಲಿದೆ. ಸ್ವಿಚ್ಚು ಒತ್ತುವವರು ಬಿಲ್ಲು ನೋಡುವುದಿಲ್ಲ, ಬಿಲ್ಲು ಕಟ್ಟುವವರು ಸ್ವಿಚ್ಚು ನೋಡುವುದಿಲ್ಲ. ಕಟ್ಟಡ ಕಟ್ಟುವುದು ನಾವು, ಕೂರುವುದು ಕಂದಾಯದವರು, ಹಣ ಖಜಾನೆಯದು. ಬಿಲ್ಲು ಬರುತ್ತದೆ, ಲೆಕ್ಕ ವಿಭಾಗದ ಕೇಸ್ ವರ್ಕರ್ ಟಿಪ್ಪಣಿ ಬರೆಯುತ್ತಾರೆ, ಅನುದಾನ ಬಂದಾಗ ಪಾವತಿ, ಬರದಿದ್ದರೆ ಬಾಕಿ. ಅದರಲ್ಲಿ ಏನಿದೆ ಎಂದು ಓದುವವರಿಲ್ಲ. ಒಂದು ಕಚೇರಿಯಲ್ಲಿ ಮೂರು ಆರ್.ಆರ್. ನಂಬರಿಗೆ, ಅಂದರೆ ಮೂರು ವಿದ್ಯುತ್ ಸಂಪರ್ಕಕ್ಕೆ, ಬಿಲ್ಲು ಬರುತ್ತಿತ್ತು. ಎರಡು ಮೀಟರು ಸಿಕ್ಕವು, ಮೂರನೆಯದು ಎಲ್ಲಿ? ಲೈನ್‌ಮ್ಯಾನ್ ಜೊತೆ ಹುಡುಕಿದರೆ ಹಳೆಯ ಕ್ಯಾಂಟೀನಿನ ಪಾಳುಗೋಡೆಯಲ್ಲಿ ಬಳ್ಳಿ ಹಬ್ಬಿ ಕೂತಿತ್ತು. ಕ್ಯಾಂಟೀನು ಮುಚ್ಚಿ ಎಷ್ಟು ಕಾಲವಾಗಿತ್ತೋ, ನಿಗದಿತ ಶುಲ್ಕ ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇತ್ತು. ಇನ್ನೊಂದು: ನೀವು ದೀಪ, ಫ್ಯಾನು ಎಲ್ಲ ಬದಲಾಯಿಸಿ ಹೊರೆ ಇಳಿಸಿದರೂ ಮಂಜೂರಾದ ಹೊರೆ ಕಡಿಮೆ ಮಾಡಿ ಎಂದು ವಿದ್ಯುತ್ ಕಂಪನಿಗೆ ಅರ್ಜಿ ಕೊಡದಿದ್ದರೆ ನಿಗದಿತ ಶುಲ್ಕ ಇಳಿಯುವುದಿಲ್ಲ. ಆ ಅರ್ಜಿ ಕೊಟ್ಟ ಕಚೇರಿಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಸರ್ಕಾರಿ ಕಚೇರಿಯ ಬಾಗಿಲಲ್ಲಿ ಎಷ್ಟು ಫಲಕಗಳಿಲ್ಲ! ಲಂಚ ಕೊಡಬೇಡಿ ಎಂದು ಲೋಕಾಯುಕ್ತದ್ದು, ಎಷ್ಟು ದಿನದಲ್ಲಿ ಯಾವ ಕೆಲಸ ಎಂದು ಸಕಾಲದ್ದು, ಮಾಹಿತಿ ಹಕ್ಕಿನ ಅಧಿಕಾರಿಯ ಹೆಸರಿನದು. ಅವುಗಳ ಪಕ್ಕ ಒಂದು ಕಾಗದಕ್ಕೆ ಜಾಗವಿದೆ. ಈ ತಿಂಗಳು ಎಷ್ಟು ಯೂನಿಟ್, ಎಷ್ಟು ರೂಪಾಯಿ, ಕಳೆದ ವರ್ಷ ಇದೇ ತಿಂಗಳು ಎಷ್ಟು. ಹಣ ಜನರದು, ಜನರೂ ನೋಡಲಿ. ಉಳಿತಾಯದಲ್ಲಿ ಒಂದು ಪಾಲನ್ನು ಆ ಕಚೇರಿಯ ರಿಪೇರಿಗೇ ಬಿಡಬೇಕು ಎಂದು ಹಣಕಾಸು ಇಲಾಖೆಯವರಿಗೆ ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಈಗ ಉಳಿಸಿದವರಿಗೆ ಸಿಗುವುದು ಮುಂದಿನ ವರ್ಷ ಅನುದಾನದ ಕಡಿತ.

ಪ್ರದರ್ಶನ ಉದ್ಘಾಟನೆಯಾಯಿತು, ಮಳಿಗೆಗಳನ್ನು ನೋಡಿ. ಕಚೇರಿ ಮುಖ್ಯಸ್ಥರು ಎಷ್ಟು ಜನ ಬಂದಿದ್ದೀರೋ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಸೋಮವಾರ ಕಚೇರಿಗೆ ಹೋದವರೇ ನವೆಂಬರ್ ತಿಂಗಳ ಕರೆಂಟ್ ಬಿಲ್ಲು ತರಿಸಿ, ಎಲ್ಲ ಆರ್.ಆರ್. ನಂಬರುಗಳ ಮೀಟರು ಎಲ್ಲಿದೆ ಎಂದು ಒಮ್ಮೆ ಕಣ್ಣಾರೆ ನೋಡಿ, ಬಿಲ್ಲಿನ ಒಂದು ಜೆರಾಕ್ಸ್ ತೆಗೆಸಿ ನೋಟಿಸ್ ಬೋರ್ಡಿಗೆ ಅಂಟಿಸಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.