ಕಾರ್ಡು ಮೊದಲು ಮಾಡಿಸಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಮಾತು)



ಈ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿಯೇ ಜಾಸ್ತಿ. ಮೊಣಕಾಲಿನೊಳಗೆ ರಕ್ತ ಸೋರಿ ಊದಿಕೊಂಡರೆ ವಾರಗಟ್ಟಲೆ ಹಾಸಿಗೆ. ಹಿಮೋಫಿಲಿಯಾ. ಅಪ್ಪನ ದುಡ್ಡೆಲ್ಲ ಫ್ಯಾಕ್ಟರ್ ಇಂಜೆಕ್ಷನ್‌ಗೆ ಹೋಯಿತು, ನನ್ನ ಕಾಲೇಜು ನಿಂತಿತು.

ಈಗ ದಾರಿಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಶೇ. 40 ವೈಕಲ್ಯವೆಂದು ದೃಢಪಟ್ಟರೆ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಹಾಸಿಗೆಯಲ್ಲಿ ಕಳೆದ ವರ್ಷಗಳಿಗೆ ಇದೇ ದೊಡ್ಡದು.

ಆದರೆ ಒಳಗಿನ ರಕ್ತಸ್ರಾವ ಯಾರಿಗೆ ಕಾಣುತ್ತದೆ? "ನಡೀತಾನಲ್ಲ" ಅಂದುಬಿಡುತ್ತಾರೆ. ಫ್ಯಾಕ್ಟರ್ ವರದಿ, ಆಸ್ಪತ್ರೆ ಚೀಟಿ ಎಲ್ಲ ಒಯ್ಯಿರಿ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯದೆ ಯುಡಿಐಡಿ ಕಾರ್ಡು ಮಾಡಿಸಿ.

ಅಂಥ ಮಗುವಿನ ತಾಯಿ ಇಲ್ಲಿದ್ದರೆ, ಊಟಕ್ಕೆ ಮುಂಚೆ ನನ್ನನ್ನು ಕಾಣಿ ಅಮ್ಮ. ಅರ್ಜಿ ನಾನೇ ತುಂಬಿಕೊಡುತ್ತೇನೆ.