ಸಾ ಮಿಲ್ಲಿನಿಂದ ಮೇಯರ್ ಕುರ್ಚಿಗೆ

(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂದು ಅಮೆರಿಕದ ಸಿಯಾಟಲ್ ನಗರದ ಹೆನ್ರಿ ಯೆಸ್ಲರ್ ಅವರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. 1810ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದ ಅವರು ಕಸುಬಿನಲ್ಲಿ ಬಡಗಿ. 1852ರಲ್ಲಿ ಸಿಯಾಟಲ್‌ಗೆ ಬಂದಾಗ ಅಲ್ಲಿ ವಲಸೆಗಾರರ ಕೆಲವೇ ಮರದ ಮನೆಗಳಿದ್ದವು. ಅವರು ತಮ್ಮ ಜಮೀನಿನ ಗಡಿಯನ್ನೇ ಸರಿಸಿ, ಕಡಲ ದಡದಲ್ಲಿ ಈ ಹೊಸಬರಿಗೆ ಜಾಗ ಕೊಟ್ಟರು. ಮರುವರ್ಷವೇ ಪ್ಯೂಜೆಟ್ ಸೌಂಡ್ ತೀರದ ಮೊದಲ ಉಗಿಯಂತ್ರದ ಸಾ ಮಿಲ್ ಶುರುವಾಯಿತು. ಗುಡ್ಡದಿಂದ ದಿಮ್ಮಿಗಳನ್ನು ಎಳೆದು ತರುತ್ತಿದ್ದ ದಾರಿಯೇ ಇಂದಿನ ಯೆಸ್ಲರ್ ವೇ. ಮಿಲ್ಲಿನ ಅಡುಗೆಮನೆಯಲ್ಲೇ ಊರಿನ ಸಭೆ, ನ್ಯಾಯಾಲಯ ಎಲ್ಲವೂ ನಡೆಯುತ್ತಿತ್ತು!

ಯೆಸ್ಲರ್ ಎರಡು ಬಾರಿ, 1874ರಲ್ಲಿ ಮತ್ತು 1885ರಲ್ಲಿ, ಮೇಯರ್ ಆದರು. ಎರಡನೆಯ ಅವಧಿ ಕಹಿಯಾದದ್ದು. 1886ರ ಫೆಬ್ರವರಿಯಲ್ಲಿ ಗುಂಪೊಂದು ಚೀನೀ ಕೂಲಿಕಾರರ ಮನೆಗಳಿಗೆ ನುಗ್ಗಿ ಅವರನ್ನು ಬಂದರಿಗೆ ಅಟ್ಟಿತು. ಗವರ್ನರ್ ಸೈನಿಕ ಆಡಳಿತ ಘೋಷಿಸಬೇಕಾಯಿತು. ಆದರೂ ಹೆಚ್ಚಿನ ಚೀನೀಯರು ಊರು ಬಿಟ್ಟರು. ಯೆಸ್ಲರ್ ಅವರ ಸಾಧನೆ ಹೇಳುವಾಗ ಈ ಪುಟವನ್ನು ಬೇಗ ಮಗುಚುವ ಆಸೆಯಾಗುತ್ತದೆ. ಮಕ್ಕಳೇ, ಮಗುಚಬೇಡಿ. ಹೊಸಬನಿಗಾಗಿ ಗಡಿ ಸರಿಸಿದ ಊರೂ ಅದೇ.

ಅವರ ಪತ್ನಿ ಸಾರಾ, 1868ರಲ್ಲಿ ಆರಂಭವಾದ ಗ್ರಂಥಾಲಯ ಸಂಘದ ಮೊದಲ ಗ್ರಂಥಪಾಲಕಿ. ಶಿಕ್ಷಕನಾದ ನನಗೆ ಗಂಡನಿಗಿಂತ ಆಕೆಯ ಮೇಲೇ ಗೌರವ ಹೆಚ್ಚು. 1892ರಲ್ಲಿ ಯೆಸ್ಲರ್ ತೀರಿಕೊಂಡರು. ಅವರ 40 ಕೋಣೆಗಳ ಬಂಗಲೆಗೆ 1899ರಲ್ಲಿ ನಗರದ ಗ್ರಂಥಾಲಯವೇ ಬಂತು. 1901ರ ಜನವರಿಯ ಆರಂಭದಲ್ಲಿ ಬಂಗಲೆ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಹೆಚ್ಚಾಗಿ ಓದುಗರು ಮನೆಗೆ ಒಯ್ದಿದ್ದ ಪುಸ್ತಕಗಳು.