ಆಸ್ಪರ್ಗರ್ ಉಳ್ಳವರ ಒಡನಾಟ: ಕಲಿಯಬೇಕಾದವರು ಯಾರು?



ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತ ಇಪ್ಪತ್ತೆಂಟರ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಪದವೀಧರ; ಪುಣೆಯಲ್ಲಿ ಉದ್ಯೋಗ. ಪಕ್ಕದ ಹಿರಿಯರು “ಮತ್ತೇನಪ್ಪಾ ಸಮಾಚಾರ?” ಎಂದರೆ ಅವನಿಗೆ ಉತ್ತರ ಹೊಳೆಯದು, ಆ ಪ್ರಶ್ನೆಗೆ ನಿಶ್ಚಿತ ಉತ್ತರವೇ ಇಲ್ಲವಲ್ಲ! ಅದೇ ಹಿರಿಯರು ಒಂದು ನಾಣ್ಯವನ್ನು ಮುಂದಿಟ್ಟರೆ, ಇಸವಿಯ ಕೆಳಗೆ ವಜ್ರಾಕಾರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಅರ್ಧ ಗಂಟೆ ವಿವರಿಸಬಲ್ಲ. ಕೇಳುವವರು ಆಕಳಿಸಿದ್ದು ಅವನಿಗೆ ತಿಳಿಯದು. ಮನೆಗೆ ಬಂದ ಮೇಲೆ ತಾಯಿ ಹೇಳಿದಾಗ ತಿಳಿಯುತ್ತದೆ. ಆ ರಾತ್ರಿ ನಿದ್ರೆ ಸುಳಿಯದು. ಅವನಿಗೆ ಜನರೇ ಬೇಡವೆಂದು ಬಂಧುಬಳಗ ತೀರ್ಮಾನಿಸಿಬಿಟ್ಟಿರುತ್ತದೆ. ಆ ತೀರ್ಮಾನ ತಪ್ಪು.

ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಅವರ ಹೆಸರನ್ನು ಇಂಗ್ಲಿಷ್ ಲೋಕದಲ್ಲಿ ಪ್ರಚುರಪಡಿಸಿದ್ದು 1981ರಲ್ಲಿ ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್. ಆಕೆ ಸ್ವತಃ ಆಟಿಸಂ ಇದ್ದ ಮಗಳ ತಾಯಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಆ ಹೆಸರನ್ನು ಬಿಟ್ಟು, ಇದನ್ನು ಆಟಿಸಂ ಶ್ರೇಣಿಯೊಳಗೆ ಸೇರಿಸಿತು. ನಾಜಿ ಆಡಳಿತದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಕೇಂದ್ರಕ್ಕೆ ಆಸ್ಪರ್ಗರ್ ಮಕ್ಕಳನ್ನು ಕಳುಹಿಸಿದ್ದನ್ನು ತೋರುವ ದಾಖಲೆಗಳು 2018ರಲ್ಲಿ ಪ್ರಕಟವಾದ ಬಳಿಕ ಅನೇಕರು ಆ ಹೆಸರನ್ನು ತ್ಯಜಿಸಿದ್ದಾರೆ. ಅದರಲ್ಲೇ ತಮ್ಮನ್ನು ಗುರುತಿಸಿಕೊಂಡವರು ಇನ್ನೂ ಬಳಸುತ್ತಾರೆ. ಹೆಸರಿನ ಚರ್ಚೆ ಇಷ್ಟು ಸಾಕು.

ಇಂಥವರಿಗೆ ಸಾಮಾನ್ಯವಾಗಿ ಸೂಚಿಸುವ ಮದ್ದು ತರಬೇತಿ. ಮುಖ ನೋಡಿ ಮಾತನಾಡು, ನಗು, ಕೈಕುಲುಕು. ಇದರಿಂದ ನಟನೆ ಕರಗತವಾದೀತೇ ಹೊರತು ಗೆಳೆಯನೊಬ್ಬ ದೊರೆಯಲಾರ. ಅರ್ಥವಾಗದಿರುವಿಕೆ ಎರಡೂ ಕಡೆಯದು ಎಂದು 2012ರಲ್ಲಿ ವಾದಿಸಿದವರು ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಉಳ್ಳ ವಿದ್ವಾಂಸರು. ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಎಂಟೆಂಟು ಜನರ ಸರಪಳಿ ಮಾಡಿ, ಮೊದಲಿಗರಿಗೆ ಹೇಳಿದ ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಲಾಯಿತು. ಆಟಿಸಂ ಉಳ್ಳವರೇ ಇದ್ದ ಸರಪಳಿಯಲ್ಲಿ ಕಥೆ ಇತರರ ಸರಪಳಿಯಲ್ಲಿ ಉಳಿದಷ್ಟೇ ಉಳಿಯಿತು. ಇಬ್ಬರನ್ನೂ ಬೆರೆಸಿದಲ್ಲಿ ಬೇಗ ಸೋರಿಹೋಯಿತು. 2020ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಪಾಲ್ಗೊಂಡವರು 72 ಮಂದಿ. ಅನಂತರದ ದೊಡ್ಡ ಪ್ರಯೋಗದಲ್ಲಿ ಬೆರಕೆಯ ಸರಪಳಿಯೂ ಹಿಂದೆ ಬೀಳಲಿಲ್ಲ, ಆದ್ದರಿಂದ ಆ ಭಾಗವನ್ನು ಹಿಗ್ಗಿಸಿ ಹೇಳಬಾರದು. ಎರಡರಲ್ಲೂ ನಿಂತ ಸಂಗತಿಯೆಂದರೆ, ಇವರು ತಮ್ಮೊಳಗೆ ಮಾತನಾಡುವಾಗ ಯಾವ ಕೊರತೆಯೂ ಕಾಣಲಿಲ್ಲ.

ಪ್ರಯೋಗಶಾಲೆಗಿಂತ ಬಹಳ ಮೊದಲೇ ಇದನ್ನು ಬದುಕಿನಲ್ಲಿ ಕಂಡುಕೊಂಡವರಿದ್ದಾರೆ. ಅಮೆರಿಕದ ಜಿಮ್ ಸಿಂಕ್ಲೇರ್ ಮತ್ತು ಕೆಲವೇ ಗೆಳೆಯರು 1992ರಲ್ಲಿ ಆಟಿಸಂ ಉಳ್ಳವರೇ ನಡೆಸುವ ಸಂಘವೊಂದನ್ನು ಕಟ್ಟಿದರು. ಮರುವರ್ಷ ಟೊರಾಂಟೊದ ಸಮ್ಮೇಳನದಲ್ಲಿ ಸಿಂಕ್ಲೇರ್ ತಂದೆತಾಯಿಯರನ್ನು ಉದ್ದೇಶಿಸಿ, ಬಯಸಿದ ಮಗು ಬರಲಿಲ್ಲವೆಂಬ ಶೋಕವನ್ನು ಬಂದಿರುವ ಮಗುವಿನ ಮೇಲೆ ಹೇರಬೇಡಿ ಎಂಬ ಅರ್ಥದ ಮಾತನ್ನಾಡಿದರು. 1996ರಿಂದ ಅವರ ಸಂಘ ‘ಆಟ್ರೀಟ್’ ಎಂಬ ವಾರ್ಷಿಕ ಶಿಬಿರ ನಡೆಸಿತು. ಅಲ್ಲಿ ಪ್ರತಿಯೊಬ್ಬರಿಗೂ ಬಣ್ಣದ ಬಿಲ್ಲೆಗಳು. ಕೆಂಪು ಧರಿಸಿದವರನ್ನು ಯಾರೂ ಮಾತನಾಡಿಸಬಾರದು. ಹಳದಿಯಾದರೆ ಪರಿಚಿತರು ಮಾತ್ರ. ಹಸಿರಾದರೆ, ಮಾತನಾಡುವ ಆಸೆಯಿದೆ, ಆರಂಭಿಸಲು ಬಾರದು, ನೀವೇ ಬನ್ನಿ ಎಂದರ್ಥ. (ಮದುವೆಮನೆಗಳಲ್ಲಿ ಈ ಹಸಿರು ಬಿಲ್ಲೆ ಬೇಕಾದವರು ಇನ್ನೂ ಎಷ್ಟೋ ಮಂದಿ ಸಿಕ್ಕಾರು.) ಯಾರನ್ನೂ ತಿದ್ದಲಿಲ್ಲ, ಸಭೆಯ ನಿಯಮವನ್ನು ತಿದ್ದಿದರು.

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಸ್ಥಿತಿಗಳಲ್ಲಿ ಆಟಿಸಂ ಸೇರಿದೆ. ಆದರೆ ಮೀಸಲಾತಿಗೆ ಶೇ. 40ರ ಪ್ರಮಾಣಪತ್ರ ಬೇಕು. ಮಾತು ಬಲ್ಲ, ಪದವಿ ಪಡೆದವನು ಆ ಗಡಿಯ ಈಚೆಗೇ ಉಳಿಯುವುದುಂಟು. ಸರ್ಕಾರ ಈ ಅಂಚಿನವರ ಬಗ್ಗೆ ಯೋಚಿಸಬೇಕು. ಒಡನಾಡಿಯನ್ನಂತೂ ಯಾವ ಕಾಯ್ದೆಯೂ ಒದಗಿಸದು. ಕುಟುಂಬಗಳೋ, ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಬಾಯಿ ಬಿಡುವುದಿಲ್ಲ. ಚಿಕ್ಕ ಸಮಾಜದಲ್ಲಿ ಈ ಭಯ ಹೆಚ್ಚು. ಒಂದೇ ಬಡಾವಣೆಯ ಎರಡು ಮನೆಗಳಲ್ಲಿ ಇಂಥ ಇಬ್ಬರಿದ್ದು, ಹತ್ತು ವರ್ಷ ಪರಸ್ಪರ ತಿಳಿಯದೇ ಹೋಗಬಹುದು.

ಕರ್ನಾಟಕದ ಹೊರಗಿರುವ ಮನೆಗಳಿಗೆ ಇನ್ನೊಂದು ಮಾತು. ಮಗು ಗೊಂದಲಗೊಳ್ಳುತ್ತದೆಂದು ಕನ್ನಡ ಬಿಡಿಸುವ ಸಲಹೆ ಕೆಲವೆಡೆ ಕೇಳಿಬರುತ್ತದೆ. ಎರಡು ಭಾಷೆಗಳಿಂದ ಇಂಥ ಮಕ್ಕಳ ನುಡಿಗೆ ಹಾನಿಯಾಗುತ್ತದೆಂದು ಇದುವರೆಗಿನ ಅಧ್ಯಯನಗಳು ಕಂಡಿಲ್ಲ. ಅಜ್ಜಿಯೊಡನೆ ಮಾತು ನಿಂತರೆ, ತಾಳ್ಮೆಯಿಂದ ಕೇಳುವ ಒಂದು ಜೀವ ಕೈತಪ್ಪಿದಂತೆಯೇ.

ತಂದೆತಾಯಿಯರ ಸಂಘಗಳು ಅಗತ್ಯ. ಆದರೆ ಅಲ್ಲಿ ಮಕ್ಕಳು ಚರ್ಚೆಯ ವಿಷಯ, ಸದಸ್ಯರಲ್ಲ. ಬೇಕಾದುದು ಅವರೇ ನಡೆಸುವ ಚಿಕ್ಕ ಕೂಟ. ಹರಟೆಗೆಂದು ಕರೆಯದೆ ನಾಣ್ಯ, ಚದುರಂಗ, ಶಾಸನ ಎಂದು ವಿಷಯವಿಟ್ಟು ಕರೆಯಬೇಕು. ಸ್ಥಳ, ಆರಂಭ, ಮುಕ್ತಾಯ, ತಿಂಡಿ, ಬರುವವರು ಯಾರು, ಎಲ್ಲವನ್ನೂ ಮೊದಲೇ ಬರೆದು ಕಳುಹಿಸಬೇಕು. ಧ್ವನಿವರ್ಧಕ ಬೇಡ. ಬಾಗಿಲು ಹಾಕಿಕೊಂಡು ಕೂರಲು ಪಕ್ಕದಲ್ಲೊಂದು ಕೋಣೆಯಿರಲಿ. ಅಲ್ಲಿಗೆ ಹೋದವರನ್ನು ಏಕೆಂದು ಕೇಳಬಾರದು. ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡರೆ ಕೂಟವನ್ನು ನೆಚ್ಚಿ ಕೂರದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೊದಲ ದಿನ ಇಬ್ಬರೇ ಬಂದರೂ ಕೂಟ ನಡೆಯಲಿ. ಇಬ್ಬರೂ ಮಾತನಾಡದೆ ಎರಡು ಗಂಟೆ ನಾಣ್ಯ ನೋಡಿ ಎದ್ದು ಹೋದರೆ, ಮುಂದಿನ ತಿಂಗಳ ದಿನಾಂಕವನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು.